ಕರ್ಣಕುಂಡಲ: ಸಾಂಗ್ಲಿ–ಮಿರಜ ಸೀಮೆಯ ಬಿಸಿಲು ಮತ್ತು ನೆರಳಿನಲ್ಲಿ

ಕರ್ಣಕುಂಡಲವು ಬಾಲ್ಸಮಿನೇಸೀ ಕುಟುಂಬದ ಇಂಪೇಶಿಯನ್ಸ್ ಕುಲಕ್ಕೆ ಸೇರಿದ, ರಸ ತುಂಬಿದ ಮೆದು ಕಾಂಡದ ವಾರ್ಷಿಕ ಹೂಗಿಡ. ಮುಂಗಾರಿನಲ್ಲಿ ಮೊಳೆತು, ಶ್ರಾವಣ–ಭಾದ್ರಪದದಲ್ಲಿ ಹೂಬಿಟ್ಟು, ಮಳೆ ನಿಲ್ಲುವ ಹೊತ್ತಿಗೆ ಬೀಜ ಸಿಡಿಸಿ ಒಣಗುತ್ತದೆ. ಮಹಾರಾಷ್ಟ್ರದ ಸಾಂಗ್ಲಿ ಮತ್ತು ಮಿರಜ ಪರಿಸರದಲ್ಲಿ ಇದು ಹೊಲದ ಬದುವಿನ ಕಾಡುಗಿಡ, ಮನೆಯಂಗಳದ ಹೂಗಿಡ, ಗೌರಿ ಹಬ್ಬದ ಪೂಜಾವಸ್ತು ಮೂರೂ ಆಗಿದೆ. ಇದೇ ಕುಲದ ಆಫ್ರಿಕಾ ಮತ್ತು ನ್ಯೂಗಿನಿ ಮೂಲದ ಗಿಡಗಳು ಇಲ್ಲಿನ ನರ್ಸರಿಗಳಲ್ಲಿ ಕುಂಡದ ಗಿಡಗಳಾಗಿ ಮಾರಾಟವಾಗುತ್ತವೆ.

ಹೆಸರು

ಗಿಡದ ಶಾಸ್ತ್ರೀಯ ಹೆಸರು ಇಂಪೇಶಿಯನ್ಸ್ ಬಾಲ್ಸಮಿನ. 1753ರಲ್ಲಿ ಲಿನೇಯಸ್ ಕೊಟ್ಟದ್ದು. ಕನ್ನಡದಲ್ಲಿ ಕರ್ಣಕುಂಡಲ, ಗೌರಿ ಹೂ ಎಂಬ ಹೆಸರುಗಳೂ ಮರಾಠಿಯಲ್ಲಿ ತೇರಡಾ ಎಂಬ ಹೆಸರೂ ಬಳಕೆಯಲ್ಲಿವೆ. ಹಿಂದಿಯಲ್ಲಿ ಗುಲ್‌ಮೆಹಂದಿ. ನರ್ಸರಿಯವರು ಸಾಮಾನ್ಯವಾಗಿ ಇದನ್ನು ಬಾಲ್ಸಮ್ ಎಂದು, ಹೊರನಾಡಿನಿಂದ ಬಂದ ಜಾತಿಗಳನ್ನು ಇಂಪೇಶಿಯನ್ಸ್ ಎಂದು ಕರೆಯುತ್ತಾರೆ. ಗೊಂದಲ ಬಾರದಂತೆ ಈ ಲೇಖನದಲ್ಲಿ ದೇಶೀ ಗಿಡಕ್ಕೆ ಮಾತ್ರ ಕರ್ಣಕುಂಡಲ ಎಂದೂ, ಇಡೀ ಕುಲಕ್ಕೆ ಇಂಪೇಶಿಯನ್ಸ್ ಎಂದೂ, ಉಳಿದ ಎರಡಕ್ಕೆ ಆಫ್ರಿಕಾ ಬಗೆ ಮತ್ತು ನ್ಯೂಗಿನಿ ಬಗೆ ಎಂದೂ ಬರೆದಿದೆ.

ಮೂಲ ಮತ್ತು ಹರಡಿಕೆ

ಬಾಲ್ಸಮಿನೇಸೀ ಕುಟುಂಬದಲ್ಲಿ ಎರಡೇ ಕುಲಗಳಿವೆ. ಒಂದು ಹೈಡ್ರೊಸೆರ, ಅದರಲ್ಲಿ ಜೌಗಿನಲ್ಲಿ ಬೆಳೆಯುವ ಒಂದೇ ಜಾತಿ. ಇನ್ನೊಂದು ಇಂಪೇಶಿಯನ್ಸ್, ಅದರಲ್ಲಿ ಸಾವಿರಕ್ಕೂ ಮಿಕ್ಕಿದ ಜಾತಿಗಳು. ಆಫ್ರಿಕಾದ ಉಷ್ಣವಲಯ, ಮಡಗಾಸ್ಕರ್, ಪೂರ್ವ ಹಿಮಾಲಯ, ಆಗ್ನೇಯ ಏಷ್ಯಾ, ಶ್ರೀಲಂಕೆ ಮತ್ತು ನಮ್ಮ ಪಶ್ಚಿಮಘಟ್ಟ ಈ ಕುಲದ ತವರುಗಳು. ಘಟ್ಟದ ಜಾತಿಗಳಲ್ಲಿ ಬಹುಪಾಲು ಬೇರೆಲ್ಲೂ ಸಿಗದವು. ಸಸ್ಯವಿಜ್ಞಾನಿ ಜೋಸೆಫ್ ಡಾಲ್ಟನ್ ಹೂಕರ್ 1911ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ಕೊನೆಯ ವರ್ಷಗಳನ್ನು ಈ ಒಂದು ಕುಲದ ಅಧ್ಯಯನಕ್ಕೆ ಕೊಟ್ಟರು. ಒಣಗಿಸಿದ ಮಾದರಿಯಲ್ಲಿ ತೆಳು ಹೂಗಳು ಅಂಟಿಕೊಂಡು ಆಕಾರ ಕೆಡುವುದರಿಂದ ಜಾತಿ ಗುರುತಿಸುವುದು ಇಂದಿಗೂ ಕಷ್ಟದ ಕೆಲಸ.

ಕರ್ಣಕುಂಡಲದ ಮೂಲನೆಲೆ ಭಾರತ ಮತ್ತು ಮ್ಯಾನ್ಮಾರ್. ಸಾಂಗ್ಲಿ ಜಿಲ್ಲೆಯ ಪಶ್ಚಿಮದ ತುದಿ ಶಿರಾಳಾ ತಾಲ್ಲೂಕು ಸಹ್ಯಾದ್ರಿಗೆ ತಾಗಿದ್ದು, ಚಾಂದೋಲಿ ರಾಷ್ಟ್ರೀಯ ಉದ್ಯಾನದ ಒಂದು ಭಾಗ ಅದರಲ್ಲಿದೆ. ಅಲ್ಲಿ ಕೆಲವು ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ. ಕುಲದ ಕಾಡುಜಾತಿಗಳಿಗೆ ಅದು ಹೇಳಿಮಾಡಿಸಿದ ಹವೆ. ಅಲ್ಲಿಂದ ಉತ್ತರಕ್ಕೆ, ಸಾತಾರಾ ಜಿಲ್ಲೆಯ ಕಾಸ ಪಠಾರದಲ್ಲಿ ಇಂಪೇಶಿಯನ್ಸ್ ಲಾಯಿ ಎಂಬ ಗಿಡ್ಡ ಜಾತಿ ಮಳೆಗಾಲದ ಕೊನೆಗೆ ಬಂಡೆಯ ನೆಲವನ್ನೆಲ್ಲ ನಸುನೇರಳೆ ಹೂಗಳಿಂದ ಮುಚ್ಚುತ್ತದೆ. 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ತಾಣಗಳಲ್ಲಿ ಕಾಸ ಪಠಾರವೂ ಒಂದು. ಹಳದಿ ಹೂವಿನ ಇಂಪೇಶಿಯನ್ಸ್ ಡಾಲ್ಜೆಲಿ, ತೊಟ್ಟಿಕ್ಕುವ ಬಂಡೆಗೆ ಅಂಟಿ ಬೆಳೆಯುವ ಇಂಪೇಶಿಯನ್ಸ್ ಅಕಾಲಿಸ್ ಘಟ್ಟದ ಇನ್ನೆರಡು ಜಾತಿಗಳು. ಇವು ಯಾವುವೂ ಸಾಂಗ್ಲಿ–ಮಿರಜದ ಬಯಲಿಗೆ ಇಳಿದಿಲ್ಲ. ಬಯಲಿನ ಒಣಹವೆಯನ್ನು ತಾಳಿಕೊಂಡದ್ದು ಕರ್ಣಕುಂಡಲ.

ರಚನೆ

ಗಿಡ ಸಾಮಾನ್ಯವಾಗಿ 20ರಿಂದ 75 ಸೆಂಟಿಮೀಟರ್ ಎತ್ತರ ಬೆಳೆಯುತ್ತದೆ. ಕಾಂಡ ದಪ್ಪ, ನೀರು ತುಂಬಿದ್ದು, ಬೆಳಕಿಗೆ ಹಿಡಿದರೆ ಅರೆಪಾರದರ್ಶಕ. ಎಲೆ ಉದ್ದನೆಯದು, ಅಂಚು ಗರಗಸದಂತೆ. ಹೂ ಎಲೆಯ ಕಂಕುಳಲ್ಲಿ ಮೂಡುತ್ತದೆ. ಬಿಳಿ, ಗುಲಾಬಿ, ಕೆಂಪು, ನೇರಳೆ ಬಣ್ಣಗಳಿವೆ.

ಹೂವಿನ ಕಟ್ಟು ವಿಶೇಷವಾದದ್ದು. ಅರಳುವ ಮುನ್ನ ತೊಟ್ಟು ಅರ್ಧಸುತ್ತು ತಿರುಚಿಕೊಂಡು ಹೂ ತಲೆಕೆಳಗಾಗುತ್ತದೆ. ಹೀಗಾಗಿ ಹಿಂಬದಿಯಲ್ಲಿರಬೇಕಾದ ಪುಷ್ಪಪತ್ರ ಕೆಳಗೆ ಬಂದು, ಎಸಳಿನಂತೆ ಬಣ್ಣ ತಳೆದು, ಹಿಂದಕ್ಕೆ ಬಾಗಿದ ಒಂದು ಕೊಂಬಾಗಿ ಉದ್ದವಾಗುತ್ತದೆ. ಮಕರಂದ ಇರುವುದು ಈ ಕೊಂಬಿನಲ್ಲಿ. ಐದು ಎಸಳುಗಳಲ್ಲಿ ಮೇಲಿನದು ಬಿಡಿ, ಪಕ್ಕದ ನಾಲ್ಕು ಎರಡೆರಡಾಗಿ ಕೂಡಿವೆ. ಐದು ಕೇಸರಗಳು ಒಂದಾಗಿ ಶಲಾಕಾಗ್ರದ ಮೇಲೆ ಕುಲಾವಿಯಂತೆ ಕೂತಿರುತ್ತವೆ. ಪರಾಗ ಮುಗಿದ ಮೇಲೆ ಆ ಕುಲಾವಿ ಕಳಚಿಬಿದ್ದು ಒಳಗಿನ ಶಲಾಕಾಗ್ರ ಹೊರಬರುತ್ತದೆ. ಒಂದೇ ಹೂ ಮೊದಲು ಗಂಡಾಗಿ ಆಮೇಲೆ ಹೆಣ್ಣಾಗುವ ಈ ಏರ್ಪಾಟಿನಿಂದ ಹೂ ತನ್ನ ಪರಾಗದಿಂದಲೇ ಕಾಯಿಕಟ್ಟುವ ಸಾಧ್ಯತೆ ಕಡಿಮೆಯಾಗುತ್ತದೆ.

ಕಾಯಿಯ ಮೇಲೆ ನವಿರಾದ ರೋಮಗಳಿವೆ. ಬಲಿತಾಗ ಅದರ ಐದು ಸಿಪ್ಪೆಗಳು ನೀರಿನ ಒತ್ತಡದಿಂದ ಬಿಗಿದು ನಿಂತಿರುತ್ತವೆ. ತುಸು ತಾಗಿದರೂ ಜೋಡಣೆ ಬಿಟ್ಟು, ಕಣ್ಣಿಗೆ ಕಾಣದಷ್ಟು ವೇಗದಲ್ಲಿ ಒಳಕ್ಕೆ ಸುರುಳಿಯಾಗಿ, ಬೀಜಗಳನ್ನು ದೂರ ಎಸೆಯುತ್ತವೆ. ಬೀಜ ಬೇಕಾದವರು ಕಾಯಿ ದಪ್ಪಗಾಗಿ ಬಣ್ಣ ಮಾಸುವ ಹಂತದಲ್ಲಿ ಅದರ ಮೇಲೆ ತೆಳುಬಟ್ಟೆಯ ಚೀಲ ಕಟ್ಟಬೇಕು, ಇಲ್ಲವೇ ಅಂಗೈಯಲ್ಲಿ ಮುಚ್ಚಿ ಹಿಡಿದು ಬಿಡಿಸಬೇಕು.

ತೋಟದ ಬಗೆಗಳು

ಕರ್ಣಕುಂಡಲದಲ್ಲಿ ಒಂಟಿ ಎಸಳಿನ ನಾಡುಬಗೆ, ಸುತ್ತುಸುತ್ತಾಗಿ ಎಸಳು ತುಂಬಿದ ಕ್ಯಾಮೆಲಿಯ ಬಗೆ, ತುದಿಯಲ್ಲಿ ಹೂಗೊಂಚಲಿರುವ ಪೊದೆ ಬಗೆ ಎಂದು ವಿಂಗಡಣೆಯಿದೆ. ಬದುವಿನಲ್ಲಿ ತಾನೇ ಹುಟ್ಟುವುದು ಒಂಟಿ ಎಸಳಿನದು.

ಆಫ್ರಿಕಾ ಬಗೆ, ಅಂದರೆ ಇಂಪೇಶಿಯನ್ಸ್ ವಾಲರಿಯಾನ, ಕೀನ್ಯಾದಿಂದ ಮೊಜಾಂಬಿಕ್‌ವರೆಗಿನ ಪೂರ್ವ ಆಫ್ರಿಕಾದ್ದು. ಹೂಕರ್ ಇಟ್ಟ ಈ ಹೆಸರು ಮಿಷನರಿ ಹೊರೇಸ್ ವಾಲರ್ ಅವರದು. ಕೋಸ್ಟರಿಕಾದಲ್ಲಿ ನೆಲೆಸಿದ್ದ ಕ್ಲಾಡ್ ಹೋಪ್ 1960ರ ದಶಕದಲ್ಲಿ ಬೆಳೆಸಿದ ಎಲ್ಫಿನ್ ಸಾಲಿನ ಗಿಡ್ಡ ಗಿಡಗಳಿಂದ ಇದು ಲೋಕದ ನೆರಳುತೋಟಗಳ ಮುಖ್ಯ ಹೂವಾಯಿತು. ಹೂ ಚಪ್ಪಟೆ, ಗಿಡ ದುಂಡು, ಒಳ್ಳೆಯ ಹವೆಯಲ್ಲಿ ಬಹುವಾರ್ಷಿಕ.

ನ್ಯೂಗಿನಿ ಬಗೆಯ ಮೂಲ ಇಂಪೇಶಿಯನ್ಸ್ ಹಾಕೆರಿ. 1970ರಲ್ಲಿ ಅಮೆರಿಕದ ಕೃಷಿ ಇಲಾಖೆ ಮತ್ತು ಲಾಂಗ್‌ವುಡ್ ಗಾರ್ಡನ್ಸ್ ಸೇರಿ ನ್ಯೂಗಿನಿಗೆ ಕಳಿಸಿದ ತಂಡ ಅಲ್ಲಿಂದ ಗಿಡಗಳನ್ನು ತಂದಿತು. ಎರಡು ವರ್ಷಗಳ ಅನಂತರ ಅವು ಬೆಳೆಗಾರರ ಕೈ ಸೇರಿದವು. ಎಲೆ ದಪ್ಪ, ಹಲವು ತಳಿಗಳಲ್ಲಿ ಕಂಚಿನ ಛಾಯೆ ಅಥವಾ ಹಳದಿ ನಡುಗೆರೆ, ಹೂ ದೊಡ್ಡದು. ಇದನ್ನು ಬೇರೆ ಜಾತಿಗಳೊಡನೆ ಕೂಡಿಸಿ ಜಪಾನಿನ ಸಕಾಟ ಕಂಪನಿ ಹೊರತಂದ ಸನ್‌ಪೇಶಿಯನ್ಸ್ ಸಾಲು ಬಿಸಿಲು ತಾಳಲೆಂದೇ ರೂಪಿಸಿದ ಬಗೆ.

ಸಾಂಗ್ಲಿ–ಮಿರಜದ ಹವೆ ಮತ್ತು ಮಣ್ಣು

ಕೃಷ್ಣೆಯ ದಡದ ಸಾಂಗ್ಲಿ, ಅದಕ್ಕೆ ಹೊಂದಿಕೊಂಡಂತಿರುವ ಮಿರಜ ಮತ್ತು ಕುಪವಾಡ 1998ರಿಂದ ಒಂದೇ ಮಹಾನಗರಪಾಲಿಕೆಯಲ್ಲಿವೆ. ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದ ಬಯಲು, ಘಟ್ಟದ ಮಳೆನೆರಳಿನಲ್ಲಿದೆ. ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಶಿರಾಳಾದಿಂದ ಪೂರ್ವಕ್ಕೆ ಬಂದಷ್ಟೂ ಮಳೆ ಇಳಿಯುತ್ತ, ಕನ್ನಡ ಮಾತಾಡುವ ಹಳ್ಳಿಗಳು ಹೆಚ್ಚಿರುವ ಜತ್ತ ತಾಲ್ಲೂಕಿನಲ್ಲಿ ಬರದ ನೆಲವಾಗುತ್ತದೆ. ಒಂದು ಜಿಲ್ಲೆಯೊಳಗೇ ಕಾಡು ಇಂಪೇಶಿಯನ್ಸ್ ತಾನಾಗಿ ಬೆಳೆಯುವ ಹವೆಯೂ, ಅದಕ್ಕೆ ನೀರೆರೆದರೂ ಸೊರಗುವ ಹವೆಯೂ ಇವೆ.

ಮಣ್ಣು ಬಹುಪಾಲು ಎರೆ. ನೀರು ಹಿಡಿದಿಡುವ ಶಕ್ತಿ ಹೆಚ್ಚು, ಬಸಿಯುವುದು ನಿಧಾನ, ಕ್ಷಾರಗುಣ ಬೇರೆ. ಇಂಪೇಶಿಯನ್ಸ್ ಕೇಳುವುದು ಇದಕ್ಕೆ ವಿರುದ್ಧವಾದ ಮಣ್ಣನ್ನು: ಪಿಎಚ್ 6ರ ಆಸುಪಾಸಿನ, ಸಡಿಲಾದ, ಸಾವಯವ ಅಂಶ ತುಂಬಿದ, ಬೇಗ ಬಸಿಯುವ ಮಣ್ಣು. ಎರೆಯಲ್ಲಿ ನೆಟ್ಟ ಆಫ್ರಿಕಾ ಮತ್ತು ನ್ಯೂಗಿನಿ ಬಗೆಗಳ ಎಳೆ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಯಾಗುತ್ತವೆ. ಇದು ಕ್ಷಾರದ ಮಣ್ಣಿನಲ್ಲಿ ಕಬ್ಬಿಣ ಬೇರಿಗೆ ದಕ್ಕದಿರುವ ಲಕ್ಷಣ, ರೋಗವಲ್ಲ. ಕಬ್ಬಿಗೆ ದಶಕಗಳಿಂದ ನೀರು ಹರಿಸಿ ಸವಳು–ಜವಳಾದ ಕೃಷ್ಣೆಯ ದಂಡೆಯ ನೆಲದಲ್ಲಿ ತೊಂದರೆ ಇನ್ನೂ ಹೆಚ್ಚು. ನ್ಯೂಗಿನಿ ಬಗೆಯ ಬೇರಿಗೆ ಉಪ್ಪು ಸ್ವಲ್ಪವೂ ಆಗದು; ಎಲೆಯಂಚು ಸುಟ್ಟಂತಾಗುತ್ತದೆ. ಗಡಸಾದ ಬೋರ್ ನೀರಿಗಿಂತ ಹಿಡಿದಿಟ್ಟ ಮಳೆನೀರು ಒಳ್ಳೆಯದು.

ಬಿಸಿಲು ಮತ್ತು ನೆರಳು

ತೋಟಗಾರಿಕೆಯ ಕೈಪಿಡಿಗಳು ಇಂಪೇಶಿಯನ್ಸನ್ನು ನೆರಳಿನ ಗಿಡವೆಂದು ಹೇಳುವುದು ಹೆಚ್ಚಾಗಿ ಆಫ್ರಿಕಾ ಬಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಸಾಂಗ್ಲಿ–ಮಿರಜದಲ್ಲಿ ಆ ಮಾತು ಹಾಗೆಯೇ ಹೊಂದುವುದಿಲ್ಲ. ಇಲ್ಲಿ ಒಂದು ಜಾಗ ಬಿಸಿಲೋ ನೆರಳೋ ಎಂಬುದನ್ನು ತಿಂಗಳು, ಹೊತ್ತು ಮತ್ತು ಗಾಳಿಯ ತೇವ ಮೂರೂ ಸೇರಿ ನಿರ್ಧರಿಸುತ್ತವೆ.

ಇಂಪೇಶಿಯನ್ಸ್ ಬಿಸಿಲಿಗೆ ಬಾಡುವುದಕ್ಕೆ ಕಾರಣ ಅದರ ಕಟ್ಟಿನಲ್ಲೇ ಇದೆ. ಎಲೆ ತೆಳು ಮತ್ತು ಅಗಲ, ಬೇರು ಮೇಲ್ಮಣ್ಣಿನಲ್ಲೇ ಹರಡಿದ್ದು, ಕಾಂಡ ನಿಂತಿರುವುದು ಕಟ್ಟಿಗೆಯ ಬಲದಿಂದಲ್ಲ, ಜೀವಕೋಶಗಳೊಳಗಿನ ನೀರಿನ ಒತ್ತಡದಿಂದ. ಎಲೆಯಿಂದ ಹೋಗುವ ನೀರು ಬೇರಿನಿಂದ ಬರುವ ನೀರಿಗಿಂತ ಹೆಚ್ಚಾದ ಗಳಿಗೆಯಲ್ಲಿ ಇಡೀ ಗಿಡ ಕುಸಿಯುತ್ತದೆ. ಆದ್ದರಿಂದ ಬೆಳಕಿಗಿಂತ ಒಣಗಾಳಿಯೇ ಅದರ ದೊಡ್ಡ ಶತ್ರು. ಮಾರ್ಚ್–ಏಪ್ರಿಲಿನಲ್ಲಿ ತಾಪ 40 ಡಿಗ್ರಿ ಸಮೀಪಿಸಿ ಗಾಳಿ ಒಣಗಿದಾಗ ದಟ್ಟ ನೆರಳಿನಲ್ಲಿಟ್ಟ ಕುಂಡವೂ ಬಾಡುವುದು ಇದರಿಂದ. ಜುಲೈ–ಆಗಸ್ಟಿನಲ್ಲಿ ಮೋಡ ಮುಸುಕಿ ಗಾಳಿ ತೇವವಾಗಿರುವಾಗ ತೆರೆದ ಬದುವಿನ ಕರ್ಣಕುಂಡಲ ದಿನವಿಡೀ ತಲೆಯೆತ್ತಿ ನಿಂತಿರುತ್ತದೆ. ಅದಕ್ಕೆ ಆಗ ಬೇಕಾದದ್ದು ಪೂರ್ಣ ಆಕಾಶ. ನೆರಳಿನಲ್ಲಿ ಬೆಳೆದದ್ದು ಗೆಣ್ಣು ಉದ್ದವಾಗಿ, ಹೂ ವಿರಳವಾಗಿ, ಮಳೆಗೆ ಒರಗುತ್ತದೆ.

ಸೂರ್ಯನ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಾಂಗ್ಲಿ–ಮಿರಜ ಇರುವುದು ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರ ಮುಗಿಯುವ ಹೊತ್ತಿಗೆ ಮತ್ತೆ ಆಗಸ್ಟ್ ಮೊದಲ ವಾರದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಈ ಎರಡರ ನಡುವೆ ಅವನು ಉತ್ತರಕ್ಕೆ ವಾಲಿರುತ್ತಾನೆ. ವರ್ಷದ ಉಳಿದ ಕಾಲ ತಂಪಾಗಿರುವ ಉತ್ತರದ ಜಗುಲಿಗೆ ಮೇ ತಿಂಗಳಲ್ಲಿ ಬೆಳಗಿನ ಮತ್ತು ಇಳಿಹೊತ್ತಿನ ಓರೆಬಿಸಿಲು ನೇರ ಬೀಳುತ್ತದೆ. ಇಳಿಹೊತ್ತಿನದು ಗಿಡವನ್ನು ಸುಡುವಂಥದು. ಡಿಸೆಂಬರಿನಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿ ಸುಮಾರು 50 ಡಿಗ್ರಿ ಎತ್ತರಕ್ಕಷ್ಟೇ ಏರುವುದರಿಂದ ದಕ್ಷಿಣದ ಗೋಡೆಯ ಬುಡದ ಕುಂಡಕ್ಕೂ ಹದವಾದ ಬಿಸಿಲು ಸಿಗುತ್ತದೆ. ಒಂದೇ ಜಾಗದಲ್ಲಿ ವರ್ಷವಿಡೀ ಇಟ್ಟ ಕುಂಡಕ್ಕಿಂತ ಕಾಲಕ್ಕೆ ತಕ್ಕಂತೆ ಸ್ಥಳ ಬದಲಿಸಿದ ಕುಂಡ ಬಾಳುತ್ತದೆ.

ಆಫ್ರಿಕಾ ಬಗೆಗೆ ಮಳೆಗಾಲ ಮತ್ತು ಚಳಿಗಾಲದಲ್ಲಿ ಪೂರ್ವದ ಅಂಗಳ ಸರಿ. ಬೆಳಗಿನ ಎರಡು–ಮೂರು ಗಂಟೆಯ ಬಿಸಿಲು, ಆಮೇಲೆ ಗೋಡೆಯ ಅಥವಾ ಮರದ ನೆರಳು. ಎಲೆಗಳ ನಡುವೆ ಬೆಳಕು ಜಿನುಗುವ ಬೇವಿನ ನೆರಳು ಮಾವಿನ ದಟ್ಟ ನೆರಳಿಗಿಂತ ಉತ್ತಮ. ಆದರೆ ಮರದ ಬೇರು ನೀರು ಎಳೆದುಕೊಳ್ಳುವುದರಿಂದ ಬುಡದಲ್ಲಿ ನೆಡದೆ ಕುಂಡದಲ್ಲಿಡುವುದು ಲೇಸು. ನ್ಯೂಗಿನಿ ಬಗೆ ಇದಕ್ಕಿಂತ ಹೆಚ್ಚು ಬಿಸಿಲು ಬೇಡುತ್ತದೆ. ಪೂರ್ತಿ ನೆರಳಿನಲ್ಲಿ ಎಲೆ ಚೆನ್ನಾಗಿ ಬಂದರೂ ಮೊಗ್ಗು ನಿಲ್ಲುತ್ತದೆ. ಬಿಸಿಲಿನ ತಳಿಗಳೆಂದು ಮಾರುವ ಸನ್‌ಪೇಶಿಯನ್ಸಿನಂಥ ಗಿಡಗಳೂ ನೀರು ತಪ್ಪದಿದ್ದರೆ ಮಾತ್ರ ಬಿಸಿಲು ತಾಳುತ್ತವೆ. ಫೆಬ್ರವರಿ ಕೊನೆಯಿಂದ ಮೇ ಕೊನೆಯವರೆಗೆ ಎಲ್ಲ ಬಗೆಗೂ ಅರ್ಧ ಬೆಳಕು ತಡೆಯುವ ಶೇಡ್ ನೆಟ್ ಬೇಕಾಗುತ್ತದೆ. ಕಾಂಕ್ರೀಟ್ ಮಾಳಿಗೆಯ ಮೇಲೆ ನೆಟ್ ಇದ್ದರೂ ಸಾಲದು: ತಾರಸಿ ಹಗಲು ಹೀರಿದ ಕಾವನ್ನು ರಾತ್ರಿ ಬಿಡುವುದರಿಂದ ಬೇರು ಬೇಯುತ್ತದೆ. ಕುಂಡಗಳನ್ನು ಇಟ್ಟಿಗೆಯ ಮೇಲೆ ಎತ್ತಿ, ಒಂದಕ್ಕೊಂದು ತಾಗುವಷ್ಟು ಒತ್ತಾಗಿಟ್ಟು, ನಡುವೆ ನೆಲ ನೆನೆಸಿದರೆ ಗಾಳಿಯ ತೇವ ಏರುತ್ತದೆ.

ಮಧ್ಯಾಹ್ನ ಬಾಡಿದ ಗಿಡಕ್ಕೆ ಕೂಡಲೇ ನೀರು ಸುರಿಯುವುದು ಈ ಗಿಡವನ್ನು ಕಳೆದುಕೊಳ್ಳುವ ಅತಿ ಸಾಮಾನ್ಯ ದಾರಿ. ಮೊದಲು ಬೆರಳಿನಿಂದ ಮಣ್ಣು ನೋಡಬೇಕು. ಮಣ್ಣು ತೇವವಾಗಿದ್ದೂ ಗಿಡ ಬಾಡಿದ್ದರೆ ಅದು ಹೊತ್ತಿನ ಬಾಡು. ಸಂಜೆಗೆ ತಾನೇ ಏಳುತ್ತದೆ. ಆಗ ಮತ್ತೆ ನೀರು ಹಾಕಿದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ, ಮರುದಿನದ ಬಾಡು ಏಳುವುದೇ ಇಲ್ಲ.

ಬೆಳೆಸುವ ಕ್ರಮ

ಕರ್ಣಕುಂಡಲದ ಬೀಜವನ್ನು ಮುಂಗಾರಿನ ಮೊದಲ ಹದಮಳೆಗೆ, ಜೂನಿನಲ್ಲಿ, ನೇರವಾಗಿ ಪಾತಿಗೆ ಬಿತ್ತಬಹುದು. ಬೀಜ ಅರ್ಧ ಸೆಂಟಿಮೀಟರಿಗಿಂತ ಆಳ ಹೋಗಬಾರದು. ವಾರದೊಳಗೆ ಮೊಳೆಯುತ್ತದೆ, ಸುಮಾರು ಎರಡು ತಿಂಗಳಿಗೆ ಹೂ. ಹಗಲು ಮೊಟಕಾಗುತ್ತ ಬಂದಂತೆ ಹೂ ಬೇಗ ಬಿಡುವುದು ಈ ಗಿಡದ ಗುಣ. ಜೂನಿನಲ್ಲಿ ಸುಮಾರು 13 ಗಂಟೆಯಿರುವ ಇಲ್ಲಿನ ಹಗಲು ಭಾದ್ರಪದದ ಹೊತ್ತಿಗೆ ಹನ್ನೆರಡೂಕಾಲು ಗಂಟೆಯ ಹತ್ತಿರ ಬಂದಿರುತ್ತದೆ. ಹಬ್ಬಕ್ಕೆ ಸರಿಯಾಗಿ ಗಿಡ ತುಂಬುವುದಕ್ಕೆ ಮಳೆಯ ಜೊತೆ ಇದೂ ಕಾರಣ. ಹೂಬಿಡತೊಡಗಿದ ಗಿಡವನ್ನು ಮತ್ತೆ ದೀರ್ಘ ಹಗಲಿಗೆ ಒಡ್ಡಿದರೆ ಹೂವಾಗಬೇಕಾದ ತುದಿ ಮತ್ತೆ ಎಲೆ ಬಿಡುವುದನ್ನು ಪ್ರಯೋಗಶಾಲೆಗಳಲ್ಲಿ ವಿವರವಾಗಿ ಅಧ್ಯಯನ ಮಾಡಿದ್ದಾರೆ. ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಬಿಟ್ಟರೆ ಕವಲು ಚೆನ್ನಾಗಿ ಒಡೆಯುತ್ತದೆ. ಎರೆ ನೆಲದಲ್ಲಿ ಎತ್ತರದ ಮಡಿಯೇ ಬೇಕು. ತಗ್ಗಿನಲ್ಲಿ ನಿಂತ ನೀರಿಗೆ ಒಂದೆರಡು ದಿನದಲ್ಲಿ ಬುಡ ಕೊಳೆಯುತ್ತದೆ.

ಆಫ್ರಿಕಾ ಬಗೆಯ ಬೀಜ ಧೂಳಿನಷ್ಟು ಸಣ್ಣದು, ಮೊಳೆಯಲು ಬೆಳಕು ಬೇಕು. ಮೇಲೆ ಮಣ್ಣು ಮುಚ್ಚದೆ, 21ರಿಂದ 24 ಡಿಗ್ರಿ ತಾಪದಲ್ಲಿ, ತೇವ ಆರದಂತೆ ಗಾಜು ಅಥವಾ ಪ್ಲಾಸ್ಟಿಕ್ ಹೊದಿಸಿಡಬೇಕು. ಸೆಪ್ಟೆಂಬರ್–ಅಕ್ಟೋಬರ್ ಇದಕ್ಕೆ ಸಲ್ಲುವ ಕಾಲ. ನ್ಯೂಗಿನಿ ಬಗೆಯನ್ನು ತುದಿಕಾಂಡದ ತುಂಡುಗಳಿಂದ ಮಾಡುವುದು ವಾಡಿಕೆ. ಮೂರು–ನಾಲ್ಕು ಗೆಣ್ಣಿನ ತುಂಡು ತೇವದ ಮರಳಿನಲ್ಲಿ ಎರಡು–ಮೂರು ವಾರಕ್ಕೆ ಬೇರು ಬಿಡುತ್ತದೆ.

ಕುಂಡದ ಮಿಶ್ರಣಕ್ಕೆ ಎರೆಯನ್ನು ಬಿಟ್ಟು ಕೆಮ್ಮಣ್ಣು, ತೆಂಗಿನ ನಾರಿನ ಪುಡಿ, ಕಳಿತ ಕೊಟ್ಟಿಗೆ ಗೊಬ್ಬರ ಸಮಪಾಲು ಸಾಕು. ನಾರಿನ ಪುಡಿಯಲ್ಲಿ ಉಪ್ಪಿರುವುದರಿಂದ ಮೊದಲು ಎರಡು–ಮೂರು ಸಲ ನೀರಿನಲ್ಲಿ ತೊಳೆಯಬೇಕು. ಸಾರಜನಕ ಹೆಚ್ಚಾದರೆ ಎಲೆಯೇ ಎಲೆ. ತೆಳುವಾಗಿ ಕರಗಿಸಿದ ಗೊಬ್ಬರವನ್ನು ಹದಿನೈದು ದಿನಕ್ಕೊಮ್ಮೆ ಕೊಡುವುದು ಒಮ್ಮೆಲೇ ಗಟ್ಟಿಯಾಗಿ ಕೊಡುವುದಕ್ಕಿಂತ ಮೇಲು.

ರೋಗ ಮತ್ತು ಕೀಟ

ಮಳೆ ಹಿಂದೆ ಸರಿದು ರಾತ್ರಿ ತಂಪಾಗುವ ಹೊತ್ತಿಗೆ ಕರ್ಣಕುಂಡಲದ ಎಲೆಯ ಮೇಲೆ ಬಿಳಿ ಹಿಟ್ಟು ಚೆಲ್ಲಿದಂತೆ ಬೂದಿರೋಗ ಕಾಣಿಸಿಕೊಳ್ಳುತ್ತದೆ. ಜೌಗಿನಲ್ಲಿ ಪಿಥಿಯಮ್ ಮತ್ತು ರೈಜೊಕ್ಟೋನಿಯ ರೋಗಾಣುಗಳ ಬುಡಕೊಳೆ. ಒಣ ಬೇಸಿಗೆಯಲ್ಲಿ ಎಲೆಯ ಅಡಿಯಲ್ಲಿ ನುಸಿ, ಬಲೆ. ಬಾಲದ ಕಡೆ ಕೊಂಬಿರುವ ದಪ್ಪ ಹುಳುಗಳು ಥೆರೆಟ್ರ ಕುಲದ ಪತಂಗದ ಮರಿಗಳು. ಕೈಯಿಂದ ಆರಿಸಿದರೆ ಸಾಕು.

ಕುಲಕ್ಕೆ ಬಂದ ಅತಿ ದೊಡ್ಡ ಪೆಟ್ಟು ಡೌನಿ ರೋಗದ್ದು. ಪ್ಲಾಸ್ಮೊಪಾರ ಕುಲದ ರೋಗಾಣು 2003ರಲ್ಲಿ ಬ್ರಿಟನ್ನಿನಲ್ಲಿ, 2011–12ರಲ್ಲಿ ಅಮೆರಿಕದಲ್ಲಿ ಆಫ್ರಿಕಾ ಬಗೆಯ ತೋಟಗಳನ್ನು ಬರಿದು ಮಾಡಿತು. ಎಲೆಯ ಅಡಿಯಲ್ಲಿ ಬಿಳಿ ಪದರ ಕಂಡ ಕೆಲವೇ ದಿನಗಳಲ್ಲಿ ಎಲೆ ಉದುರಿ ಕಾಂಡ ಮಾತ್ರ ಉಳಿಯುತ್ತಿತ್ತು. ತಾಸಗಾಂವ ಮತ್ತು ಮಿರಜ ತಾಲ್ಲೂಕುಗಳ ದ್ರಾಕ್ಷಿ ಬೆಳೆಗಾರರಿಗೆ ಡೌನಿ ಎಂಬ ಹೆಸರು ಹೊಸದಲ್ಲ. ದ್ರಾಕ್ಷಿಯ ಡೌನಿಯೂ ಇದೇ ಪ್ಲಾಸ್ಮೊಪಾರ ಕುಲದ್ದು, ಆದರೆ ಜಾತಿ ಬೇರೆ. ದ್ರಾಕ್ಷಿಯಿಂದ ಇಂಪೇಶಿಯನ್ಸಿಗಾಗಲಿ ಇಂಪೇಶಿಯನ್ಸಿನಿಂದ ದ್ರಾಕ್ಷಿಗಾಗಲಿ ಅದು ದಾಟುವುದಿಲ್ಲ. ಬಳ್ಳಿಯ ಪಕ್ಕದ ಹೂಗಿಡವನ್ನು ಆ ಅಂಜಿಕೆಯಿಂದ ಕೀಳಬೇಕಾಗಿಲ್ಲ. ನ್ಯೂಗಿನಿ ಬಗೆ ಈ ರೋಗಕ್ಕೆ ಬಹಳ ಮಟ್ಟಿಗೆ ತಡೆಯುಳ್ಳದ್ದು.

ಬಳಕೆ

ಈ ಸೀಮೆಯಲ್ಲಿ ಕರ್ಣಕುಂಡಲದ ಮುಖ್ಯ ಬಳಕೆ ಜ್ಯೇಷ್ಠಾಗೌರಿಯ ಪೂಜೆ. ಭಾದ್ರಪದ ಶುಕ್ಲದಲ್ಲಿ, ಗಣೇಶ ಚತುರ್ಥಿಯ ಬಳಿಕ, ಅನುರಾಧಾ ನಕ್ಷತ್ರದಂದು ಗೌರಿಯ ಆವಾಹನೆ, ಜ್ಯೇಷ್ಠಾದಂದು ಪೂಜೆ, ಮೂಲಾದಂದು ವಿಸರ್ಜನೆ. ಅನೇಕ ಮನೆಗಳಲ್ಲಿ ಗೌರಿಯಾಗಿ ಬರುವುದು ಮೂರ್ತಿಯಲ್ಲ, ಬೇರು ಸಮೇತ ಕಿತ್ತ ತೇರಡಾ ಗಿಡಗಳ ಕಟ್ಟು. ನೀರಿನ ದಡದಿಂದ ಹೆಣ್ಣುಮಕ್ಕಳು ಅದನ್ನು ಮನೆಗೆ ತಂದು ಸೀರೆ ಉಡಿಸಿ ಕೂರಿಸುತ್ತಾರೆ. ಬೇರಿಲ್ಲದ ಕಟ್ಟು ಪೂಜೆಗೆ ಸಲ್ಲದು. ದಕ್ಷಿಣ ಕರ್ನಾಟಕದಲ್ಲಿ ಸ್ವರ್ಣಗೌರಿ ಬರುವುದು ಚತುರ್ಥಿಯ ಹಿಂದಿನ ದಿನ, ಮೂರ್ತಿ ಅಥವಾ ಅರಿಸಿನದ ರೂಪದಲ್ಲಿ. ಜ್ಯೇಷ್ಠಾಗೌರಿಯ ಮೂರು ದಿನದ ಆಚರಣೆ ಗಡಿಯ ಆಚೆ ಉತ್ತರ ಕರ್ನಾಟಕದ ಮನೆಗಳಲ್ಲೂ ಇದೆ. ತೇರಡಾದ ಬಣ್ಣ ಮೂರು ದಿನ ಎಂಬ ಮರಾಠಿ ಗಾದೆಯೂ ಹೂವಿನ ಅಲ್ಪಾಯುಷ್ಯವನ್ನು ಕುರಿತದ್ದು.

ಹೂ ಮತ್ತು ಎಲೆಯನ್ನು ಅರೆದು ಉಗುರಿಗೆ ಬಣ್ಣ ಹಚ್ಚುವ ರೂಢಿ ಭಾರತದಲ್ಲೂ ಕೊರಿಯಾದಲ್ಲೂ ಇದೆ. ಮದರಂಗಿಗೆ ಬಣ್ಣ ಕೊಡುವ ಲಾಸೋನ್ ಎಂಬ ವಸ್ತುವೇ ಇದರಲ್ಲೂ ಇರುವುದು ಇದಕ್ಕೆ ಕಾರಣ. ಚೀನೀ ವೈದ್ಯದಲ್ಲಿ ಬೀಜಕ್ಕೆ ಸ್ಥಾನವಿದೆ. ಬೀಜದಿಂದ ಬೇರ್ಪಡಿಸಿದ ಸಣ್ಣ ಪೆಪ್ಟೈಡುಗಳು ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಗಳನ್ನು ತಡೆಯುವ ಗುಣಕ್ಕಾಗಿ ಅಧ್ಯಯನಕ್ಕೆ ಒಳಗಾಗಿವೆ. ಗಿಡದಲ್ಲಿ ಆಕ್ಸಲೇಟ್ ಇರುವುದರಿಂದ ಹಸಿಯಾಗಿ ತಿನ್ನುವುದು ಸಲ್ಲದು.

ಇಂದಿನ ಸ್ಥಿತಿ

ಇದೇ ಕುಲದ ಹಿಮಾಲಯದ ಇಂಪೇಶಿಯನ್ಸ್ ಗ್ಲಾಂಡುಲಿಫೆರ 1839ರಲ್ಲಿ ತೋಟದ ಹೂವಾಗಿ ಇಂಗ್ಲೆಂಡಿಗೆ ಹೋಗಿ, ಬೀಜವನ್ನು 7 ಮೀಟರ್ ದೂರದವರೆಗೆ ಸಿಡಿಸುತ್ತ ಯುರೋಪಿನ ನದಿದಂಡೆಗಳನ್ನು ಆಕ್ರಮಿಸಿದೆ. 2017ರಿಂದ ಅದು ಯುರೋಪಿಯನ್ ಒಕ್ಕೂಟದ ಆಕ್ರಮಣಕಾರಿ ಸಸ್ಯಗಳ ಪಟ್ಟಿಯಲ್ಲಿದೆ. ಕೃಷ್ಣೆಯ ದಂಡೆಯಲ್ಲಿ ಕರ್ಣಕುಂಡಲಕ್ಕೆ ಅಂಥ ಹಿಡಿತವಿಲ್ಲ. ಒಣ ಬೇಸಿಗೆ ಪ್ರತಿ ವರ್ಷ ಗಿಡವನ್ನು ಪೂರ್ತಿ ಅಳಿಸುತ್ತದೆ. ಮುಂದಿನ ಮಳೆಗೆ ಮೊಳೆಯುವುದು ನೆಲದಲ್ಲಿ ಉಳಿದ ಬೀಜ ಮಾತ್ರ. ಬದು ಒಡೆದು ಕಬ್ಬಿಗೆ ಸೇರಿಸಿದ ಕಡೆ, ಬದುವಿಗೆ ಕಳೆನಾಶಕ ಸಿಂಪಡಿಸುವ ಕಡೆ ಆ ಬೀಜಕ್ಕೆ ಮೊಳೆಯುವ ಜಾಗವಿಲ್ಲ. ಬೇರು ಸಮೇತ ಕೀಳುವ ಪೂಜಾಪದ್ಧತಿಯಿಂದ ಗಿಡಕ್ಕೆ ಹಾನಿಯಾಗದಿರಬೇಕಾದರೆ ಪ್ರತಿ ತಾಣದಲ್ಲಿ ಒಂದಿಷ್ಟು ಗಿಡಗಳು ಕಾಯಿ ಸಿಡಿಯುವವರೆಗೆ, ಅಂದರೆ ಹಬ್ಬ ಕಳೆದ ಮೇಲೂ ಕೆಲವು ವಾರ, ನಿಂತಿರಬೇಕು. ಅಂಗಳದ ಮಡಿಯಲ್ಲಿ ಜೂನಿನಲ್ಲಿ ಬಿತ್ತಿದ ಬೀಜವೂ ಪೂಜೆಯ ಕಟ್ಟಿಗೆ ಬೇಕಾದ ಗಿಡಗಳನ್ನು ಅದೇ ಹೊತ್ತಿಗೆ ಕೊಡುತ್ತದೆ.